ಮಹಡಿ ಬಸ್ಸೂ ಮೂವತ್ತು ಸೆಂಟ್ಸ್ ಮಳೆಯೂ

ನಮ್ಮ ಕಡೆಯವರು ಬೆಂಗಳೂರಿಗೆ ಹೋಗಬೇಕೆಂದರೆ ವರ್ಷಕ್ಕೆ ಒಂದೇ ಸಂದು ಸಿಗುತ್ತಿತ್ತು. ಕೊನೆಯ ಕಾಫಿ ಹಣ್ಣು ಕೊಯ್ದು, ಕಣದಲ್ಲಿ ಒಣಗಿಸಿ, ಮೂಟೆ ಕಟ್ಟಿ ಲಾರಿಗೆ ಹಾಕಿದ ಮೇಲೆ. ಹೂಮಳೆ ಬೀಳುವ ಮೊದಲು. ಈ ಸಂದಿನ ಒಂದು ತುದಿ ನಮ್ಮ ಕೈಯಲ್ಲಿತ್ತು, ಇನ್ನೊಂದು ತುದಿ ದೇವರ ಕೈಯಲ್ಲಿ. ದೇವರಿಗೆ ಸ್ವಂತ ತೋಟ ಇಲ್ಲದ್ದರಿಂದ ವಿಷಯದ ಗಾಂಭೀರ್ಯ ಅವನಿಗೆ ಯಾವತ್ತೂ ಅರ್ಥವಾಗಿರಲಿಲ್ಲ.

ಹೂಮಳೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಬೇಸಿಗೆಯ ಬಿಸಿಲಿಗೆ ಕಾಫಿ ಗಿಡದ ಮೊಗ್ಗುಗಳು ಬಾಯಿ ಮುಚ್ಚಿಕೊಂಡು ಕಾದಿರುತ್ತವೆ. ಒಂದು ಒಳ್ಳೆಯ ಮಳೆ ಬಿದ್ದರೆ ವಾರದೊಪ್ಪತ್ತಿನಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಮಳೆ ಬಾರದಿದ್ದರೆ ಎಂಜಿನ್ ಹೂಡಿ ಸ್ಪ್ರಿಂಕ್ಲರಿನಲ್ಲಿ ನೀರು ಹಾಯಿಸಬೇಕು. ಇವೆರಡಕ್ಕಿಂತ ಕೆಟ್ಟದ್ದು ಅರ್ಧ ಮಳೆ. ಮೊಗ್ಗಿಗೆ ಆಸೆ ಹುಟ್ಟಿಸಿ, ಮಾತು ಕೊಟ್ಟು, ಮದುವೆಗೆ ಮೊದಲೇ ಓಡಿಹೋಗುವ ಗಂಡಿನಂಥದು ಅದು. ಅಂಥ ಮಳೆ ಬಿದ್ದರೆ ಉಳಿದರ್ಧವನ್ನು ತಡಮಾಡದೆ ನಾವೇ ಸುರಿಸಬೇಕು. ಇಲ್ಲದಿದ್ದರೆ ಮೊಗ್ಗು ಅರೆಬರೆ ಅರಳಿ ಕರಟಿಹೋಗುತ್ತದೆ. ಆ ವರ್ಷದ ಬೆಳೆಗೆ ಅಲ್ಲಿಗೆ ಎಳ್ಳುನೀರು.

ಹಾಗಾಗಿ ಮಳೆ ಬಂತೋ ಇಲ್ಲವೋ ಎನ್ನುವುದು ನಮ್ಮಲ್ಲಿ ಪ್ರಶ್ನೆಯೇ ಅಲ್ಲ. ಎಷ್ಟು ಬಂತು ಎನ್ನುವುದು ಪ್ರಶ್ನೆ. ಅದನ್ನು ಸೆಂಟ್ಸ್‌ಗಳಲ್ಲಿ ಅಳೆಯುತ್ತಾರೆ. ನೂರು ಸೆಂಟ್ಸ್ ಸೇರಿದರೆ ಒಂದು ಇಂಚು. ತೋಟ ಮಾಡಿದ್ದ ಬಿಳಿ ದೊರೆಗಳು ಊರು ಬಿಟ್ಟು ಹೋಗುವಾಗ ಅವರ ಅಳತೆಯನ್ನು ನಮ್ಮ ಅಂಗಳದಲ್ಲಿ ಬಿಟ್ಟು ಹೋದರು, ನಾವು ಅದನ್ನು ಮನೆದೇವರ ಪಕ್ಕದಲ್ಲಿಟ್ಟುಕೊಂಡೆವು. ಇಬ್ಬರು ತೋಟದವರು ಎದುರಾದರೆ ಮೊದಲು ಕೇಳುವುದು "ನಿಮ್ಮಲ್ಲೆಷ್ಟು?" ಅಂತ, ಹೆಂಡತಿ ಮಕ್ಕಳ ಕ್ಷೇಮ ಆಮೇಲೆ, ಪುರುಸೊತ್ತಿದ್ದರೆ. ಸಾವಿನ ಮನೆಯಲ್ಲೂ ಹೆಣದ ಕಡೆ ಒಂದು ಸಲ ನೋಡಿ ನಿಟ್ಟುಸಿರು ಬಿಟ್ಟವರು, ಪಕ್ಕದವರ ಕಡೆ ವಾಲಿ "ಎಷ್ಟಾಯ್ತು ನಿಮ್ಗೆ ನೆನ್ನೆ?" ಎಂದು ಕೇಳುವುದನ್ನು ನಾನೇ ಕಂಡಿದ್ದೇನೆ. ಸತ್ತವರು ತೋಟದವರಾಗಿದ್ದರೆ ಅವರೂ ಉತ್ತರಕ್ಕೆ ಕಿವಿಗೊಡುತ್ತಿದ್ದರು ಎಂದು ನನ್ನ ನಂಬಿಕೆ.

ನಮ್ಮ ತೋಟ ಸಕಲೇಶಪುರದ ಕಡೆಯ ಬೆಳಗೋಡಿನಿಂದ ಒಳಗೆ. ಎಸ್ಟೇಟ್ ಎನ್ನಿಸಿಕೊಳ್ಳುವಷ್ಟು ದೊಡ್ಡದಲ್ಲ. ಎಸ್ಟೇಟ್ ಎಂದು ಯಾರಾದರೂ ಅಂದರೆ ಅಪ್ಪ ತಿದ್ದುತ್ತಲೂ ಇರಲಿಲ್ಲ. ಅಪ್ಪನಿಗೂ ದೊಡ್ಡಪ್ಪನಿಗೂ ಭಾಗವಾಗಿತ್ತು. ಮನೆ ಎರಡಾಗಿತ್ತು, ತೋಟ ಎರಡಾಗಿತ್ತು. ಅಂಗಳ, ಕಣ ಮತ್ತು ನಾಯಿ ಒಂದೇ ಉಳಿದಿದ್ದವು. ಸ್ಪ್ರಿಂಕ್ಲರಿನ ಡೀಸೆಲ್ ಎಂಜಿನ್ನೂ ಒಂದೇ. ಅದು ಅಪ್ಪನ ಕೈಗಲ್ಲದೆ ಬೇರೆ ಯಾರ ಕೈಗೂ ಬಗ್ಗುತ್ತಿರಲಿಲ್ಲ. ಅಪ್ಪ ಅದಕ್ಕೆ ಬೈಯುವ ಬೈಗುಳದಲ್ಲಿ ಒಂದು ಕ್ರಮವಿತ್ತು, ಆ ಕ್ರಮ ತಪ್ಪಿದರೆ ಅದು ಹೊಗೆ ಕಾರಿ ಸುಮ್ಮನಾಗುತ್ತಿತ್ತು. ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡಮ್ಮನ ತೋಟಕ್ಕೂ ಅಪ್ಪನೇ ನೀರು ಬಿಡುತ್ತಿದ್ದರು. ಪ್ರತಿಯಾಗಿ ದೊಡ್ಡಮ್ಮನ ಮನೆಯ ಫೋನನ್ನು ನಾವು ಬಳಸುತ್ತಿದ್ದೆವು. ಹೀಗೆ ಎರಡು ರಾಜ್ಯಗಳ ನಡುವೆ ಒಂದು ಒಪ್ಪಂದ ನಡೆದುಕೊಂಡು ಹೋಗುತ್ತಿತ್ತು.

ಬೆಂಗಳೂರಿನ ವಿಷಯ ಎತ್ತಿದ್ದು ಅವ್ವ. ಎತ್ತಿದ್ದು ಎಂದರೆ, ಮದುವೆಯಾದ ಲಾಗಾಯ್ತು ಅದನ್ನು ಮನಸ್ಸಿನಲ್ಲೇ ಎತ್ತಿಕೊಂಡಿದ್ದಳು. ಅವ್ವನಿಗೆ ವಿಧಾನಸೌಧ ಬೇಕಿರಲಿಲ್ಲ, ಲಾಲ್‌ಬಾಗ್ ಬೇಕಿರಲಿಲ್ಲ, ಸೀರೆ ಅಂಗಡಿಯೂ ಬೇಕಿರಲಿಲ್ಲ. ಅವಳಿಗೆ ಮಹಡಿ ಬಸ್ಸಿನಲ್ಲಿ ಕೂರಬೇಕಿತ್ತು. ಮೇಲಿನ ಮಹಡಿಯಲ್ಲಿ, ಮುಂದಿನ ಸೀಟಿನಲ್ಲಿ. ಅದಕ್ಕೆ ಕಾರಣ ದೊಡ್ಡಮ್ಮ. ಅವ್ವ ಈ ಮನೆಗೆ ಹೊಸ ಸೊಸೆಯಾಗಿ ಬಂದಾಗ ದೊಡ್ಡಮ್ಮ ಆಗಲೇ ತಮ್ಮನ ಮದುವೆಗೆಂದು ಬೆಂಗಳೂರಿಗೆ ಹೋಗಿ, ಮಹಡಿ ಬಸ್ಸು ಹತ್ತಿ ಬಂದಿದ್ದರು. ಅಲ್ಲಿಂದ ಮುಂದೆ ಅವರು ಲೋಕದ ಯಾವುದನ್ನೂ ಕೆಳಗಿನಿಂದ ನೋಡಲಿಲ್ಲ. ರೊಟ್ಟಿ ಸೀದರೂ, ಸೊಸೆ ಬಸುರಾದರೂ, ಸರ್ಕಾರ ಬಿದ್ದರೂ, "ಮೇಲ್ ಕೂತ್ಕಂಡ್ ನೋಡ್ದೋರ್ಗೆ ಇವೆಲ್ಲ ಒಂದ್ ಲೆಕ್ಕನಾ" ಎನ್ನುತ್ತಿದ್ದರು. ವಾರಗಿತ್ತಿಯರ ನಡುವೆ ಚಿನ್ನ, ಸೀರೆ, ಗಂಡುಮಕ್ಕಳು ಎಲ್ಲ ಸರಿಸಮವಾಗಿದ್ದವು. ಅವ್ವ ಸೋತಿದ್ದು ಒಂದು ಮಹಡಿಯಲ್ಲಿ.

ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲದಲ್ಲಿ ಮಗ್ಗೆಯ ಮಾವ, ಅಂದರೆ ಅವ್ವನ ತಮ್ಮ, ಒಂದು ಸುದ್ದಿ ತಂದರು. ಬೆಂಗಳೂರಿನಲ್ಲಿ ಮಹಡಿ ಬಸ್ಸುಗಳನ್ನು ಒಂದೊಂದಾಗಿ ತೆಗೆಯುತ್ತಿದ್ದಾರಂತೆ, ಇನ್ನು ಅಲ್ಲೊಂದು ಇಲ್ಲೊಂದು ಉಳಿದಿವೆಯಂತೆ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು, ಕೈ ಒರೆಸಿಕೊಳ್ಳುತ್ತ, ಅಪ್ಪನ ಎದುರು ನಿಂತು ಹೇಳಿದಳು: "ಈ ಸಲ ಹೋಗದೇ ಸೈ."

ಅಪ್ಪ ಒಪ್ಪಿದರು. ಬೇಡ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಆದರೆ ಬರೀ ಒಂದು ಬಸ್ಸು ಹತ್ತುವುದಕ್ಕೆ ಅಷ್ಟು ದೂರ ಇನ್ನೊಂದು ಬಸ್ಸಿನಲ್ಲಿ ಹೋಗುವುದು ಅವರ ತತ್ತ್ವಕ್ಕೆ ಒಗ್ಗದ ಮಾತು. ಹೋದ ಮೇಲೆ ನಾಲ್ಕು ಕಡೆ ನೋಡಿಕೊಂಡು ಬರಬೇಕು, ಇಲ್ಲವಾದರೆ ಊರಿನವರು ನಗುತ್ತಾರೆ. ಹೀಗಾಗಿ ಕಣದಲ್ಲಿ ಸಭೆ ಸೇರಿತು. ನಾನು ಓದು ಮುಗಿಸಿ, ಕೆಲಸ ಸಿಗದೆ, ಮನೆಯಲ್ಲಿ ಗಡ್ಡ ಬೆಳೆಸುವ ಹುದ್ದೆಯಲ್ಲಿದ್ದೆ. ಆದ್ದರಿಂದ ನನ್ನನ್ನು ಪ್ರವಾಸದ ಕಾರ್ಯದರ್ಶಿ ಮಾಡಿದರು. ಮಗ್ಗೆಯ ಮಾವ ಸಲಹೆಗಾರರು. ಜಮೀನಿನ ಒಂದು ಕೇಸಿಗಾಗಿ ಅವರು ಬೆಂಗಳೂರಿಗೆ ಹೋಗಿ ಬಂದು ಮಾಡುತ್ತಿದ್ದರು. ಕೇಸು ಸೋತಿದ್ದರು, ಆದರೆ ಊರು ತಿಳಿದುಕೊಂಡಿದ್ದರು.

"ಭಾವ, ಬೆಂಗ್ಳೂರಿಗೆ ಹೋಗಿ ಬರೇ ಬೆಂಗ್ಳೂರು ನೋಡೋನು ದಡ್ಡ" ಎಂದು ಮಾವ ಆರಂಭಿಸಿದರು. "ಅಲ್ಲಿ ಮಲಗೋಕೆ ಒಂದು ಮನೆ ಮಾಡ್ಕಬೇಕು. ಬೆಳಗಾದ್ರೆ ಹೊರಡೋದು, ಸುತ್ತಮುತ್ತ ಒಂದೊಂದ್ ಕಡೆ ನೋಡ್ಕಂಡು ಸಂಜೆಗೆ ಬಂದ್ಬುಡೋದು."

ಮಲಗುವ ಮನೆಯ ಚಿಂತೆ ಇರಲಿಲ್ಲ. ಅಪ್ಪನ ತಂಗಿ, ನನ್ನ ಅತ್ತೆ, ವಿಜಯನಗರದಲ್ಲಿದ್ದರು. ನೆಂಟರಿರುವ ಊರಿನಲ್ಲಿ ಲಾಡ್ಜು ಮಾಡುವುದು ನಮ್ಮಲ್ಲಿ ಜಾತಿ ಬಿಟ್ಟಷ್ಟೇ ದೊಡ್ಡ ಅಪರಾಧ. ಉಳಿದದ್ದು ಸುತ್ತಮುತ್ತ ಎಲ್ಲಿಗೆ ಎನ್ನುವುದು.

ಮೊದಲ ಸೂಚನೆ ನಂದಿ ಬೆಟ್ಟ. ಬೆಳಗಿನ ಜಾವ ಹೋದರೆ ಕಾಲ ಕೆಳಗೆ ಮೋಡ ಕಾಣುತ್ತದೆ, ಮಂಜು ಮುತ್ತುತ್ತದೆ, ಗಾಳಿ ಬೀಸುತ್ತದೆ ಎಂದು ಮಾವ ವರ್ಣಿಸಿದರು. ಅವ್ವ ಮೆಣಸು ಕೇರುತ್ತಿದ್ದವಳು ಮೊರ ನಿಲ್ಲಿಸಿ, "ಹಿತ್ಲ ಬಾಗ್ಲು ತೆಗುದ್ರೆ ಐತಲ್ಲ ಅದೆಲ್ಲ" ಎಂದಳು. ಸಭೆ ಹಿತ್ತಲ ಕಡೆ ನೋಡಿತು. ಬೆಟ್ಟ, ಮಂಜು, ಮೋಡ, ಮೂರೂ ಹಾಜರಿದ್ದವು.

ಎರಡನೆಯದು ಬನ್ನೇರುಘಟ್ಟ. ಅಲ್ಲಿ ಆನೆ ನೋಡಬಹುದು ಎಂದರು ಮಾವ. ಆ ವರ್ಷ ಆಲೂರಿನ ಕಡೆಯಿಂದ ಬಂದ ಒಂದು ಹಿಂಡು ನಮ್ಮ ಬಾಳೆಯನ್ನೂ, ಗದ್ದೆಯ ಅಂಚಿನ ಬೇಲಿಯನ್ನೂ, ಪಾಳ್ಯದ ನೆಂಟರೊಬ್ಬರ ಭತ್ತದ ಮೆದೆಯನ್ನೂ ವಿಚಾರಿಸಿಕೊಂಡು ಹೋಗಿತ್ತು. ಅವ್ವ ಕೇಳಿದಳು: "ಅವು ನಮ್ಮನೆಗೆ ಬಂದಾಗ ನಾವೇನು ಟಿಕೆಟ್ ಇಸ್ಕಂಡ್ವಾ?" ಆ ಸೂಚನೆಯೂ ಬಿದ್ದುಹೋಯಿತು.

ಮೂರನೆಯದನ್ನು ಮಾವ ತುರುಪಿನ ಎಲೆಯಂತೆ ಇಳಿಸಿದರು. ಬೆಂಗಳೂರಿನಿಂದ ಬೆಳಿಗ್ಗೆ ಟೂರಿಸ್ಟ್ ಬಸ್ಸು ಹೊರಡುತ್ತದೆ, ಗೈಡ್ ಇರುತ್ತಾನೆ, ಬೇಲೂರು ಹಳೇಬೀಡು ತೋರಿಸಿ ವಾಪಸ್ಸು ತಂದು ಬಿಡುತ್ತದೆ. ನಮ್ಮ ಮನೆಯಿಂದ ಬೇಲೂರಿಗೆ ಹೋಗಿ ಬರುವುದು ಒಂದು ಬೆಳಗಿನ ಕೆಲಸ. ಹೋಗಿಯೂ ಇದ್ದೆವು, ಅನೇಕ ಸಲ, ಸಂತೆಗೆ, ಮದುವೆಗೆ, ಎಂಜಿನ್ನಿನ ಪಂಪು ಕೆಟ್ಟಾಗ. ದೇವಸ್ಥಾನದ ಗೋಡೆಯ ಕಡೆ ಕತ್ತೆತ್ತಿ ನೋಡಲು ಯಾರಿಗೂ ಬಿಡುವಾಗಿರಲಿಲ್ಲ. ಹತ್ತಿರದ್ದು ಎಲ್ಲಿ ಓಡಿಹೋಗುತ್ತದೆ ಎನ್ನುವ ಧೈರ್ಯ. ಈಗ ಬೆಂಗಳೂರಿಗೆ ಹೋಗಿ, ಅಲ್ಲಿಂದ ಬೇಲೂರಿಗೆ ಬಂದು, ಮತ್ತೆ ಬೆಂಗಳೂರಿಗೆ ಹೋಗಿ, ಅಲ್ಲಿಂದ ಮನೆಗೆ ಬರುವ ಈ ಯೋಜನೆಯನ್ನು ಕೇಳಿ ನಾನು ನಕ್ಕೆ. ಅಪ್ಪ ನಗಲಿಲ್ಲ. ಅವರ ಮುಖದಲ್ಲಿ ಬೆಳಕು ಮೂಡಿತು. "ಗೈಡು ಕಲ್ಲು ತೋರಿಸ್ತಾ ಇರೋ ಹೊತ್ನಲ್ಲಿ ನಾನೊಂದ್ ಗಳಿಗೆ ಮನೆಗ್ ಬಂದು ತೋಟ ನೋಡ್ಕಂಡು ಹೋಗ್ಬೋದು" ಎಂದರು.

ಅವ್ವ ಮೊರವನ್ನು ಕೆಳಗಿಟ್ಟು ಎದ್ದು ಒಳಗೆ ಹೋದಳು. ಬೇಲೂರು ಬಿಟ್ಟುಹೋಯಿತು.

ಕೊನೆಗೆ ಸಂಧಾನವಾಯಿತು. ಅಪ್ಪನಿಗಾಗಿ ನಂದಿ ಬೆಟ್ಟ. ನೆಲಮಂಗಲದ ಆಚೆ ಇದ್ದ ಅಪ್ಪನ ಸೋದರತ್ತೆಯ ಮಗಳ ಮನೆಯಲ್ಲಿ ಒಂದು ಊಟ, ಏಕೆಂದರೆ ಅಷ್ಟು ದೂರ ಬಂದು ಉಣ್ಣದೆ ಹೋದರೆಂಬ ಮಾತು ಮೂರು ತಲೆಮಾರಿಗೆ ಇಳಿಯುತ್ತದೆ. ಆಮೇಲೆ ಅವ್ವನಿಗಾಗಿ ಮಹಡಿ ಬಸ್ಸು. ಅವಳದ್ದನ್ನು ಕೊನೆಗೆ ಇಟ್ಟದ್ದನ್ನು ಅವ್ವ ಗಮನಿಸಿದಳು.

ಅಪ್ಪ, ಅವ್ವ, ನಾನು ಮೂವರು ಹೋಗುವುದೆಂದಾಯಿತು. ಹೊರಡುವ ಮುನ್ನ ಅಪ್ಪ ದೊಡ್ಡಮ್ಮನಿಗೆ ಮಳೆ ಗೇಜನ್ನು ಒಪ್ಪಿಸಿದರು. ಅದು ಕಣದ ಮೂಲೆಯಲ್ಲಿ ಒಂದು ಮೋಟು ಕಂಬದ ಮೇಲೆ ಕೂತಿರುವ ತಗಡಿನ ಡಬ್ಬಿ. ಬಾಯಿಗೆ ಆಲಿಕೆ, ಒಳಗೆ ಗೀಟಿರುವ ಗಾಜಿನ ಕೊಳವೆ. ಹೇಗೆ ನೋಡಬೇಕು, ಕಣ್ಣನ್ನು ಯಾವ ಮಟ್ಟದಲ್ಲಿಡಬೇಕು, ನೀರಿನ ಅಂಚು ಬಾಗಿದ್ದರೆ ಯಾವುದನ್ನು ಹಿಡಿಯಬೇಕು ಎಂದು ವಿವರಿಸಿದರು. ಪಟ್ಟಾಭಿಷೇಕದಲ್ಲೂ ಅಷ್ಟು ಮಂತ್ರ ಇರಲಾರದು. ಮಳೆ ಬಾರದಿದ್ದರೆ ಚಿಂತೆಯಿಲ್ಲ, ಚೆನ್ನಾಗಿ ಬಂದರೂ ಚಿಂತೆಯಿಲ್ಲ, ಅರ್ಧ ಬಂದರೆ ತಾವು ಆ ಕ್ಷಣವೇ ಹೊರಟು ಬಂದು ಎಂಜಿನ್ ಹೂಡುವುದಾಗಿ ಹೇಳಿದರು. ದಿನಾ ಸಂಜೆ ಫೋನು ಮಾಡುವುದೆಂದು ತೀರ್ಮಾನವಾಯಿತು.

ದೊಡ್ಡಮ್ಮ ಎಲ್ಲ ಕೇಳಿಸಿಕೊಂಡು ಅವ್ವನ ಕಡೆ ತಿರುಗಿದರು. "ಮೇಲಕ್ಕೆ ಹತ್ತೋವಾಗ ಹುಷಾರು ಕಣೆ. ಅಭ್ಯಾಸ ಇಲ್ದೋರ್ಗೆ ತಲೆ ತಿರುಗ್ತೈತೆ."

ನಂದಿ ಬೆಟ್ಟದ ಬಗ್ಗೆ ಹೆಚ್ಚು ಹೇಳಲಾರೆ. ಮೋಡವಿತ್ತು, ಮಂಜಿತ್ತು. ಬಂದಿದ್ದ ನವದಂಪತಿಗಳು ಕಣಿವೆ ನೋಡುತ್ತಿದ್ದಾಗ ಅಪ್ಪ ದಾರಿ ಪಕ್ಕದಲ್ಲಿ ನಾಲ್ಕು ಕಾಫಿ ಗಿಡ ಪತ್ತೆ ಮಾಡಿದರು. ಉಳಿದ ಹೊತ್ತೆಲ್ಲ ಅವುಗಳ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಕಾಂಡ ತಟ್ಟಿ, ಎಲೆ ಮಗುಚಿ, ಕೊನೆಗೆ ಎದ್ದು ನಿಂತು "ಬೋರರ್ ಹಿಡ್ದೈತೆ, ಕಾಂಡ ಕೊರೆಯೋ ಹುಳ" ಎಂದು ತೀರ್ಪು ಕೊಟ್ಟರು. ಯಾರದೋ ಗಿಡ, ಯಾರಿಗೂ ಬೇಡವಾದ ಗಿಡ. ಆದರೂ ಇಳಿಯುವಾಗ ಅಪ್ಪನ ಮುಖದಲ್ಲಿ ರೋಗಿಯನ್ನು ಬಿಟ್ಟು ಬಂದ ವೈದ್ಯರ ಸಂಕಟವಿತ್ತು. ನೆಲಮಂಗಲದಲ್ಲಿ ಉಂಡೆವು. ಅವರು ಇನ್ನೊಂದು ಊಟಕ್ಕೆ ಉಳಿಯಿರೆಂದು ಚಪ್ಪಲಿ ಬಚ್ಚಿಟ್ಟರು. ಚಪ್ಪಲಿ ಹುಡುಕಿಕೊಂಡು ವಿಜಯನಗರಕ್ಕೆ ಬರುವ ಹೊತ್ತಿಗೆ ಸಂಜೆಯಾಗಿತ್ತು.

ಅತ್ತೆಯ ಬೀದಿಯ ತುದಿಯಲ್ಲಿ ಒಂದು ಎಸ್‌ಟಿಡಿ ಬೂತ್ ಇತ್ತು. ಅದರ ಗಾಜಿನ ಪೆಟ್ಟಿಗೆಯೊಳಗೆ ಅಪ್ಪ ಹಿಂದಿನ ಸಂಜೆಯೂ ನಿಂತಿದ್ದರು, "ಎಷ್ಟು?" ಎಂದಿದ್ದರು, "ಏನೂ ಇಲ್ಲ" ಎನ್ನಿಸಿಕೊಂಡು ಬಂದಿದ್ದರು. ಆವತ್ತು ಮಾತ್ರ ಪಶ್ಚಿಮದ ಕಡೆ ಆಕಾಶ ಕಪ್ಪಾಗಿತ್ತು. ವಿಜಯನಗರದ ಜನ ಛತ್ರಿ ಹುಡುಕಿದರು. ಅಪ್ಪ ಬೂತಿನ ಕಡೆ ಓಡಿದರು. ಬೆನ್ನಿಗೆ ನಾನು, ನನ್ನ ಹಿಂದೆ ಅವ್ವ.

ಫೋನಿಟ್ಟು ಅಪ್ಪ ಹೊರಬಂದಾಗ ಮುಖ ನೋಡಿಯೇ ತಿಳಿಯಿತು.

"ಮೂವತ್ತು" ಎಂದರು. ಹತ್ತಿರದ ಬಂಧು ಹೋದಾಗಲೂ ಅವರು ಆ ದನಿಯಲ್ಲಿ ಹೇಳಿದ್ದಿಲ್ಲ.

ಮೂವತ್ತು ಸೆಂಟ್ಸ್. ಅರ್ಧವೂ ಅಲ್ಲದ ಅರ್ಧ ಮಳೆ. ಅಪ್ಪ ಬಟ್ಟೆ ಕಟ್ಟಿಕೊಳ್ಳಲು ಹೇಳಿದರು. ಈಗಲೇ ಮೆಜೆಸ್ಟಿಕ್ಕಿಗೆ ಹೋದರೆ ಸಕಲೇಶಪುರದ ಕಡೆ ಹೋಗುವ ಬಸ್ಸು ಸಿಗುತ್ತದೆ. ಮಹಡಿ ಬಸ್ಸಿನ ಮಾತನ್ನು ಅವರು ಎತ್ತಲಿಲ್ಲ. ಎತ್ತದೆ ಇದ್ದರೆ ಅದು ಇಲ್ಲವಾಗುತ್ತದೆ ಎಂದುಕೊಂಡರೋ ಏನೋ, ಪಾದಚಾರಿ ದಾರಿಯ ಕಲ್ಲು ನೋಡುತ್ತ ನಿಂತರು. ಮುಂದಿನ ವರ್ಷ ಎನ್ನುವ ಮಾತಿಗೆ ಅರ್ಥವಿರಲಿಲ್ಲ. ಮುಂದಿನ ವರ್ಷ ಆ ಬಸ್ಸೇ ಇರುವುದಿಲ್ಲವೆಂಬುದು ನಮ್ಮೆಲ್ಲರಿಗೂ ಗೊತ್ತಿತ್ತು.

ಅವ್ವ ಜಾಗ ಬಿಟ್ಟು ಕದಲಲಿಲ್ಲ. "ಮೂವತ್ತು ಅಂತ ಅಕ್ಕ ಗೇಜ್ ನೋಡಿ ಹೇಳಿದ್ರಾ?"

"ಹೂಂ. ಕಣ್ಣು ಮಟ್ಟಕ್ಕಿಟ್ಟು ನೋಡಿದ್ರಂತೆ."

"ನಾನ್ ಮಾತಾಡ್ತೀನಿ."

ಅವ್ವ ತಾನಾಗಿ ಫೋನು ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ರಿಸೀವರನ್ನು ಎರಡೂ ಕೈಯಲ್ಲಿ, ಬಿಸಿ ಪಾತ್ರೆ ಹಿಡಿದಂತೆ ಹಿಡಿದಳು. ನಾನೂ ಪೆಟ್ಟಿಗೆಯೊಳಗೆ ತೂರಿಕೊಂಡೆ. ಕಿವಿಗೊಡಬೇಕಾದ ಅಗತ್ಯವಿರಲಿಲ್ಲ. ದೊಡ್ಡಮ್ಮನ ಕಂಠ ತೋಟದ ಆ ತುದಿಗೆ ಆಳು ಕೂಗಿ ಪಳಗಿದ್ದು. ಫೋನು ಅವರಿಗೆ ಒಂದು ಅಲಂಕಾರ, ಅಷ್ಟೆ.

"ಅಕ್ಕಾ, ನಾನು."

"ಇನ್ನೂ ಹೊರಟಿಲ್ವಾ? ಮೂವತ್ತು ಅಂದ್ನಲ್ಲ."

"ಹೊರಡ್ತೀವಿ. ಮಳೆ ಜೋರಾ?"

"ಜೋರೇ ಕಣೆ. ಗುಡುಗಿ ಗುಡುಗಿ ಬಂತು. ಕಣದಲ್ಲಿದ್ದಿದ್ದೆಲ್ಲ ಬಾಚಿ ಒಳಕ್ಕೆ ಹಾಕೋ ಹೊತ್ಗೆ ನಂಗೆ ಸೊಂಟ ಬಿದ್ದೋಯ್ತು."

ಅವ್ವ ಸ್ವಲ್ಪ ಯೋಚಿಸಿದಳು. "ನಾಯಿ ತಟ್ಟೆ ಅಂಗಳದಲ್ಲೇ ಇತ್ತಾ?"

"ಇನ್ನೆಲ್ಲಿರ್ತೈತೆ? ತುಂಬಿ ಹರೀತಿತ್ತು. ಹಾಕಿದ್ ಅನ್ನ ಎಲ್ಲ ತೇಲ್ಕಂಡ್ ಹೋಗಿ ಕೋಳಿ ಪಾಲಾಯ್ತು. ಅದು ನನ್ ಮುಖ ನೋಡ್ಕಂಡ್ ಕೂತೈತೆ ಉಪವಾಸ."

ನಾಯಿಯ ತಟ್ಟೆ ಹಳೆಯ ಪಿಂಗಾಣಿಯದು. ಅದರ ಅಂಚು ನೆಟ್ಟಗೆ, ಬೆರಳಿನ ಒಂದು ಗೆಣ್ಣಿಗೂ ಮಿಕ್ಕಿ ಎತ್ತರ. ಅಂದರೆ ಇಂಚಿನ ಮೇಲೆ. ಅವ್ವ ಆ ತಟ್ಟೆಯನ್ನು ದಿನಾ ಉಜ್ಜಿದವಳು.

"ತಟ್ಟೆ ತುಂಬಿ ಹರಿದಿದ್ರೆ ಗೇಜಲ್ಲಿ ಮೂವತ್ತು ಹೆಂಗ್ ಬಂತಕ್ಕ? ಗೇಜ್ ಎಲ್ಲಿತ್ತು?"

"ಒಳಗೆ."

"ಒಳಗೆ ಅಂದ್ರೆ?"

"ಒಳಗೆ ಅಂದ್ರೆ ಒಳಗೆ. ಮಳೆ ಬಂತಲ್ಲೇ. ಮೆಣಸು, ಹಪ್ಪಳ, ಬಟ್ಟೆ ಎಲ್ಲ ತಂದೆ. ಅದೂ ಅಲ್ಲೇ ನೆನೀತಾ ನಿಂತಿತ್ತು. ತಂದಿಟ್ಟೆ."

ಇದನ್ನು ಓದಿ ದೊಡ್ಡಮ್ಮನ ಬಗ್ಗೆ ಹಗುರವಾಗಿ ತಿಳಿಯುವವರು ಕಾಫಿ ಸೀಮೆಯಲ್ಲಿ ಹುಟ್ಟಿದವರಲ್ಲ. ಕಣದಲ್ಲಿ ಕಾಫಿ ಹರವುವ ಮನೆಯ ಹೆಂಗಸಿಗೆ ಮೊದಲ ಗುಡುಗು ಕಿವಿಗೆ ಬೀಳುವುದಿಲ್ಲ, ನೇರವಾಗಿ ಕಾಲಿಗೆ ಬೀಳುತ್ತದೆ. ಉಣ್ಣುತ್ತಿದ್ದವಳು ಎಂಜಲು ಕೈಯಲ್ಲೇ ಓಡುತ್ತಾಳೆ, ಬಾಣಂತಿ ಓಡುತ್ತಾಳೆ, ಜಗಳವಾಡುತ್ತಿದ್ದವರು ಜಗಳವನ್ನು ಅಲ್ಲೇ ಬಿಟ್ಟು ಒಂದೇ ಟಾರ್ಪಾಲಿನ ಎರಡು ತುದಿ ಹಿಡಿಯುತ್ತಾರೆ. ಕಣದಲ್ಲಿ ಇರುವ ವಸ್ತು ನೆನೆಯಬಾರದು, ನೆನೆದರೆ ಬೂಷ್ಟು. ಈ ಧರ್ಮ ದೊಡ್ಡಮ್ಮನ ರಕ್ತದಲ್ಲಿತ್ತು. ಕಣದಲ್ಲಿ ನೆನೆಯಲೆಂದೇ ಹುಟ್ಟಿದ ವಸ್ತು ಒಂದಿದೆ ಎಂಬ ಸೂಕ್ಷ್ಮ ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ. ಅವರು ಅದನ್ನು ಸೆರಗಿನಲ್ಲಿ ಒರೆಸಿ, ಅಡಿಗೆಮನೆಯ ಬೆಚ್ಚನೆಯ ಮೂಲೆಯಲ್ಲಿಟ್ಟು, ಆಮೇಲೆ ಕಣ್ಣನ್ನು ಮಟ್ಟಕ್ಕಿಟ್ಟು ಅಳತೆಯನ್ನು ಅತ್ಯಂತ ನಿಖರವಾಗಿ ಓದಿದ್ದರು. ಗೇಜಿನ ತಪ್ಪಿರಲಿಲ್ಲ, ಕಣ್ಣಿನ ತಪ್ಪೂ ಇರಲಿಲ್ಲ. ಮಳೆಯ ಉಳಿದ ಭಾಗ ಮಾತ್ರ ಹೊರಗೆ ಬಿದ್ದಿತ್ತು.

ಅವ್ವ ರಿಸೀವರಿನ ಬಾಯಿ ಮುಚ್ಚಿ, ಗಾಜಿನ ಆಚೆ ನಿಂತಿದ್ದ ಅಪ್ಪನಿಗೆ ವಿಷಯ ಹೇಳಿದಳು. ಅಪ್ಪ ವೈಜ್ಞಾನಿಕ ಮನೋಭಾವದವರು. ನಾಯಿಯ ತಟ್ಟೆಯನ್ನು ನಂಬಿ ಒಂದು ವರ್ಷದ ಬೆಳೆಯನ್ನು ಪಣಕ್ಕಿಡುವುದು ಅವರಿಂದಾಗಲಿಲ್ಲ. ಗಲ್ಲ ಕೆರೆದುಕೊಂಡು ಒಂದು ಆಕ್ಷೇಪಣೆ ಎತ್ತಿದರು: ತಟ್ಟೆಯಲ್ಲಿ ಅನ್ನವಿತ್ತಲ್ಲ, ಅನ್ನ ಹಿಡಿದ ಜಾಗವನ್ನು ಮಳೆಯ ಲೆಕ್ಕದಿಂದ ಕಳೆಯಬೇಡವೆ? ಎಷ್ಟು ಅನ್ನ ಹಾಕಿದ್ದರು?

ಅವ್ವ ಕೇಳಿದಳು. ಉತ್ತರ ಬೀದಿಗೆಲ್ಲ ಕೇಳಿಸಿತು. "ನಾಯಿಗೆಷ್ಟು ಅನ್ನ ಹಾಕ್ಬೇಕು ಅಂತಾನೂ ಇವ್ನು ಬೆಂಗ್ಳೂರಿಂದ ಹೇಳ್ತಾನಾ?"

ಬೂತಿನವನು ಬಾಗಿಲ ಬಳಿ ಬಂದು ನಿಂತ. ಅವನಿಗೂ ಕುತೂಹಲ. ಅಪ್ಪ ಇನ್ನೂ ಮನಸ್ಸು ಮಾಡಲಿಲ್ಲ. ತಟ್ಟೆ ಓರೆಯಾಗಿ ಇದ್ದಿರಬಹುದು, ಸೂರಿನ ನೀರು ಬಿದ್ದಿರಬಹುದು, ಹೋಗಿ ಕಣ್ಣಾರೆ ನೋಡಿದರೇ ಸಮಾಧಾನ ಎನ್ನತೊಡಗಿದರು. ಅವರು ಹೇಳುತ್ತಿದ್ದುದರಲ್ಲಿ ಸುಳ್ಳೇನೂ ಇರಲಿಲ್ಲ. ನಿಜಕ್ಕೂ ಮೂವತ್ತೇ ಆಗಿದ್ದರೆ ಆ ವರ್ಷ ನಮ್ಮ ಮನೆಯ ಗತಿ ಏನೆಂದು ಅವ್ವನಿಗೂ ಗೊತ್ತಿತ್ತು. ಅವಳು ಫೋನಿಟ್ಟು ಹೊರಗೆ ಬಂದಳು. ದನಿ ಏರಿಸಲಿಲ್ಲ.

"ನೀವ್ ಹೋಗ್ತೀರಾದ್ರೆ ಹೋಗಿ. ಎಂಜಿನ್ ಹೂಡಿ. ನಾನು ನಾಳೆ ಬಸ್ಸಲ್ಲಿ ಮೇಲ್ ಕೂತ್ಕಂಡೇ ಬರದು. ಇವ್ನು ಇರ್ತಾನೆ ಜೊತೆಗೆ."

ಮದುವೆಯಾದ ಮೇಲೆ ಅವ್ವ ಅಪ್ಪನಿಗೆ "ನೀವು ಹೋಗಿ" ಎಂದದ್ದು ಅದೇ ಮೊದಲು. ಅಪ್ಪ ನನ್ನನ್ನು ನೋಡಿದರು. ನಾನು ಆಕಾಶ ನೋಡಿದೆ. ಕಾರ್ಯದರ್ಶಿಯಾದವನು ಇಂಥ ಹೊತ್ತಿನಲ್ಲಿ ಅಭಿಪ್ರಾಯ ಇಟ್ಟುಕೊಳ್ಳಬಾರದು. ಅಪ್ಪ ಬೂತಿನ ಮುಂದೆ ಆ ತುದಿಯಿಂದ ಈ ತುದಿಗೆ ಒಂದು ಸಲ ನಡೆದರು. ತೋಟವನ್ನು ಬಿಟ್ಟಿರುವುದು ಕಷ್ಟವೋ, ಹೆಂಡತಿಯನ್ನು ಬಿಟ್ಟು ಒಬ್ಬರೇ ಮನೆಗೆ ಹೋಗಿ ದೊಡ್ಡಮ್ಮನ ಬಾಯ ಮುಂದೆ ನಿಲ್ಲುವುದು ಕಷ್ಟವೋ ಎಂದು ತೂಗಿ ನೋಡಿದರೆಂದು ಕಾಣುತ್ತದೆ.

"ತಟ್ಟೆ ಸಮತಟ್ಟಾಗೇ ಇರ್ತೈತಾ?" ಎಂದು ಕೊನೆಗೆ ಕೇಳಿದರು.

"ಇರ್ತೈತೆ" ಎಂದಳು ಅವ್ವ.

ಅಪ್ಪ ಉಳಿದರು.

ಮರುದಿನ ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ನಿಂತೆವು. ಶಿವಾಜಿನಗರದ ಕಡೆ ಹೋಗುವ ಮಹಡಿ ಬಸ್ಸು ಒಂದು ಇನ್ನೂ ಇದೆ, ಬಂದರೆ ಬರುತ್ತದೆ ಎಂದು ವಿಚಾರಿಸಿದಾಗ ಹೇಳಿದ್ದರು. ಮಾಮೂಲಿ ಬಸ್ಸುಗಳು ಬಂದವು, ಹೋದವು. ಅಪ್ಪ ಪ್ರತಿ ಬಸ್ಸಿಗೂ ಇದೂ ಅಲ್ಲಿಗೇ ಹೋಗುತ್ತದೆ ಎಂದು ತಿಳಿಸಿದರು. ಅವ್ವ ಅವನ್ನೆಲ್ಲ ಬೇಡದ ಸಂಬಂಧ ಕಳಿಸಿದಂತೆ ಕಳಿಸಿದಳು. ಬಿಸಿಲೇರಿತು. ಅಪ್ಪ ಎರಡು ಸಲ ಎಸ್‌ಟಿಡಿ ಬೂತ್ ಎಲ್ಲಿದೆ ಎಂದು ಕಣ್ಣಾಡಿಸಿದರು. ಅವ್ವ ನೋಡಿದ ತಕ್ಷಣ ಕಣ್ಣು ತಿರುಗಿಸಿಕೊಂಡರು.

ಅದು ಬಂತು. ಕೆಂಪಗೆ, ಒಂದು ಪಕ್ಕಕ್ಕೆ ವಾಲಿಕೊಂಡು, ಗಬ್ಬದ ಎಮ್ಮೆಯ ನಡಿಗೆಯಲ್ಲಿ. ಅವ್ವ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಗದ್ದೆಗೆ ಇಳಿಯುವವಳಂತೆ ಹತ್ತಿ, ನಾವು ಬಾಗಿಲಲ್ಲಿ ಇರುವಾಗಲೇ ಮೇಲೆ ತಲುಪಿದ್ದಳು. ಮುಂದಿನ ಸೀಟಿನಲ್ಲಿ ಕಾಲೇಜಿಗೆ ಹೋಗುವ ಇಬ್ಬರು ಕೂತಿದ್ದರು. ಅವ್ವ ಅವರ ತಲೆಯ ಹಿಂದೆ ಸುಮ್ಮನೆ ನಿಂತಳು. ಮುಂದಿನ ಸ್ಟಾಪ್ ಬರುವ ಮೊದಲೇ ಅವರು ತಾವಾಗಿ ಎದ್ದು ಹಿಂದೆ ಹೋದರು. ಅವ್ವ ಕೂತಳು, ಪಕ್ಕದಲ್ಲಿ ಅಪ್ಪ, ಅವರ ಹಿಂದೆ ನಾನು.

ನಗರವನ್ನು ಅವಳು ಮೇಲಿನಿಂದ ನೋಡಿದಳು. ಕಾಂಪೌಂಡುಗಳ ಒಳಗಿನ ಬಟ್ಟೆಯ ಹಗ್ಗಗಳು, ಅಂಗಡಿಗಳ ತಗಡಿನ ಮೇಲೆ ಜನ ಎಸೆದ ಹಳೆಯ ಚಪ್ಪಲಿ, ಪೊಲೀಸಿನವನ ಟೋಪಿಯ ನೆತ್ತಿ. ರಸ್ತೆ ಬದಿಯ ಮರದ ಕೊಂಬೆಯೊಂದು ಕಿಟಕಿಗೆ ಪಟಾರೆಂದು ಬಡಿದಾಗ ಮೂವರೂ ಒಟ್ಟಿಗೆ ತಲೆ ತಗ್ಗಿಸಿದೆವು. ಅಪ್ಪ ಚೇತರಿಸಿಕೊಂಡು ತಲೆಯೆತ್ತಿ ಆ ಮರವನ್ನು ತಿರುಗಿ ನೋಡಿದರು. ನಮ್ಮ ತೋಟಗಳಲ್ಲಿ ನೆರಳಿನ ಮರದ ಕೊಂಬೆ ಸವರುವುದನ್ನು ಮರಗಸಿ ಎನ್ನುತ್ತಾರೆ. ಬೆಂಗಳೂರಿನಲ್ಲಿ ಮರಗಸಿ ಕಂಡವರೇ ಇಲ್ಲ ಎಂದು ಅವರು ಬೇಸರಪಟ್ಟರು. ಆಮೇಲೆ ದಾರಿಯುದ್ದಕ್ಕೂ ಯಾವ ಕೊಂಬೆ ಉಳಿಸಬೇಕು, ಯಾವುದನ್ನು ತೆಗೆಯಬೇಕು ಎಂದು ಅವ್ವನಿಗೆ ತೋರಿಸುತ್ತ ಬಂದರು. ಅವ್ವ ಹೂಂಗುಟ್ಟುತ್ತಿದ್ದಳು, ಕೇಳಿಸಿಕೊಳ್ಳುತ್ತಿರಲಿಲ್ಲ. ಅಷ್ಟು ಹೊತ್ತು ಅಪ್ಪ ಮಳೆಯ ಮಾತೆತ್ತಲಿಲ್ಲ. ಇಬ್ಬರಿಗೂ ಪ್ರವಾಸವೆಂದರೆ ಅದೇ.

ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರು. ಅವ್ವ ಕೂತೇ ಇದ್ದಳು. ಕಂಡಕ್ಟರು ಮೇಲೆ ಬಂದು ಇಳಿಯಬೇಕಮ್ಮ ಎಂದ. ಇದು ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಅವ್ವ ಕೇಳಿದಳು. ಬಂದ ಕಡೆಗೇ ಎಂದ.

"ಅಲ್ಲಿಗೇ ಕೊಡಿ ಮೂರು."

"ಅಲ್ಲಿಗ್ ಹೋಗಿ ಏನ್ ಮಾಡದು?" ಎಂದರು ಅಪ್ಪ.

"ಇಲ್ಲಿಗೆ ಬರದು."

ಹಾಗೆ ಹೋದೆವು, ಬಂದೆವು, ಮತ್ತೆ ಹೋದೆವು. ಸುತ್ತಮುತ್ತ ನೋಡುವ ಕಾರ್ಯಕ್ರಮದಲ್ಲಿ ತೃಪ್ತಿಕರವಾಗಿ ಮುಗಿದ ಅಂಗ ಇದೊಂದೇ. ಒಂದು ಸುತ್ತಿನಲ್ಲಿ ಕಂಡಕ್ಟರು ಬಿಡುವು ಮಾಡಿಕೊಂಡು ಮೇಲೆ ಬಂದು ಅಪ್ಪನ ಬಳಿ ಕೂತ. ಅವನ ಊರು ಬೇಲೂರಿನ ಕಡೆಯಂತೆ. ಮಳೆ ಹೇಗೆ ಎಂದು ಕೇಳಿದ. ಅಪ್ಪ ಬಾಯಿ ತೆರೆದರು. ಅವ್ವ ಕಿಟಕಿಯಿಂದ ಮುಖ ತಿರುಗಿಸದೆಯೇ "ಚೆನ್ನಾಗಾಗೈತೆ" ಎಂದಳು.

ಮನೆಗೆ ಬಂದವರೇ ಅಪ್ಪ ಚಪ್ಪಲಿ ಬಿಡದೆ ತೋಟಕ್ಕೆ ಇಳಿದರು. ಗಿಡದ ಬುಡದಲ್ಲಿ ಬೆರಳು ಊರಿದರು. ಬೆರಳು ಪೂರ್ತಿ ಹೋಯಿತು, ತುದಿಯವರೆಗೆ ಹಸಿ. ಇನ್ನೊಂದು ಗಿಡ ನೋಡಿದರು, ಮತ್ತೊಂದು ನೋಡಿದರು. ಎಂಜಿನ್ ಮನೆಯ ಬೀಗ ಮುಟ್ಟದೆ ವಾಪಸ್ಸು ಬಂದು ಕಾಲು ತೊಳೆದರು.

ದೊಡ್ಡಮ್ಮ ಜಗುಲಿಯಲ್ಲಿ ಹಲಸಿನ ಗುಜ್ಜೆ ಕೊಯ್ಯುತ್ತ ಕೂತಿದ್ದರು. ಅವ್ವ ಹೋಗಿ ಎದುರಿಗೆ ಕೂತು ಇನ್ನೊಂದು ಈಳಿಗೆ ಎಳೆದುಕೊಂಡಳು. ನಾನು ಕಂಬಕ್ಕೆ ಒರಗಿ ನಿಂತೆ. ಇಷ್ಟು ವರ್ಷದ ಬಾಕಿ ಒಂದು ಮಾತಿನಲ್ಲಿ ತೀರುವುದನ್ನು ನೋಡುವ ಆಸೆ ಇತ್ತು.

"ಹತ್ತಿದ್ಯಾ?" ಎಂದರು ದೊಡ್ಡಮ್ಮ.

"ಹತ್ತಿದೆ."

"ಮೇಲಕ್ಕೆ?"

"ಹೂಂ. ಮುಂದೆ."

ದೊಡ್ಡಮ್ಮ ಗುಜ್ಜೆಯ ಮೇಣವನ್ನು ಬೆರಳಿಂದ ಉಜ್ಜಿ ತೆಗೆದರು. "ಹೆಂಗಿತ್ತು?"

ಅವ್ವ ಹೋಳು ಹೆಚ್ಚುವುದನ್ನು ನಿಲ್ಲಿಸದೆ ಹೇಳಿದಳು: "ಚೆನ್ನಾಗಿತ್ತು ಕಣಕ್ಕ. ಇನ್ನೊಂದ್ ಮಹಡಿ ಇರ್ಬೇಕಿತ್ತು."

ದೊಡ್ಡಮ್ಮ ತಮ್ಮ ಪಾಲಿನ ಗುಜ್ಜೆ ಮುಗಿಸಿ, ಅವ್ವನ ಮುಂದಿದ್ದದ್ದರಲ್ಲಿ ಅರ್ಧ ತಮ್ಮ ಕಡೆಗೆ ಎಳೆದುಕೊಂಡರು. ಒಳಗೆ ಅಪ್ಪ ಕೆಮ್ಮುವುದು ಕೇಳಿಸಿತು. ಅತ್ತ ಒಂದು ಸಲ ನೋಡಿ, ದನಿ ತಗ್ಗಿಸಿ, ಅಂದರೆ ಬೆಳಗೋಡಿಗೆ ಮಾತ್ರ ಕೇಳಿಸುವಷ್ಟಕ್ಕೆ ಇಳಿಸಿ, ಹೇಳಿದರು: "ಹೂವು ಉದುರಿದ್ ಮೇಲೆ ನಾವಿಬ್ರೇ ಮೈಸೂರಿಗೆ ಹೋಗಿ ಬರಣ್ವೇನೆ? ಇವ್ರನ್ನೆಲ್ಲ ಕರ್ಕಂಡ್ ಹೋದ್ರೆ ಏನೂ ನೋಡಕ್ಕಾಗಲ್ಲ."